ಯಾರ ಪಾಲಿಗೂ ಬರದ ಒಮೆಗಾ

"ಎಷ್ಟು ಚೆನ್ನಾಗಿ ಇಟ್ಕೊಂಡಿದೀರ ಕಣ್ರೀ ಇದನ್ನ" ಅಂತ ನಮ್ಮ ಅಜ್ಜನ ವಾಚ್ ನೋಡಿದವರು ಒಬ್ಬರಲ್ಲ ಒಬ್ಬರು ಅಂತಾನೇ ಇರ್ತಾರೆ, ನಾನೂ ಹೂಂ ಅಂತ ತಲೆ ಆಡಿಸ್ತೀನಿ. ನಿಜ ಹೇಳ್ಬೇಕು ಅಂದ್ರೆ ನಾವ್ಯಾರೂ ಅದನ್ನ ಚೆನ್ನಾಗಿ ಇಟ್ಕೊಂಡಿಲ್ಲ. ಅಪ್ಪಂಗೂ ದೊಡ್ಡಪ್ಪಂಗೂ ಮಾತಿರ್ಲಿಲ್ಲ, ಅದಕ್ಕೆ ಅದನ್ನ ಯಾರೂ ಕಟ್ಲಿಲ್ಲ, ಕಟ್ಟದೇ ಇದ್ದಿದ್ದಕ್ಕೆ ಅದು ಹೀಗೆ ಉಳ್ಕೊಂಡಿದೆ, ಅಷ್ಟೇ ಕಥೆ. ಅಣ್ಣ ತಮ್ಮ ಇಬ್ರೂ ಚೆನ್ನಾಗಿದ್ದಿದ್ರೆ ಇಷ್ಟೊತ್ತಿಗೆ ಅದರ ಗ್ಲಾಸ್ ಒಡೆದು, ಡಯಲ್ಲಿಗೆ ನೀರು ಹೋಗಿ, ಯಾವುದಾದ್ರೂ ಡ್ರಾಯರಲ್ಲಿ ಹಳೇ ನೋಕಿಯಾ ಚಾರ್ಜರ್ ಜೊತೆ ಬಿದ್ದಿರ್ತಿತ್ತು.

ವಾಚ್ ಯಾವುದು ಅಂತ ಮೊದಲು ಹೇಳ್ಬಿಡ್ತೀನಿ. ಒಮೆಗಾ ಕಾನ್‌ಸ್ಟಲೇಷನ್, ಸ್ಟೀಲ್ ಬಾಡಿ, ಆಟೋಮ್ಯಾಟಿಕ್ (ಕೈ ಆಡಿದ್ರೆ ತಾನೇ ಕೀ ಆಗೋದು, ಬೇಕಂದ್ರೆ ಕೈಯಿಂದಲೂ ಕೊಡ್ಬಹುದು), ಮೂರು ಗಂಟೆ ಜಾಗದಲ್ಲಿ ತಾರೀಖಿನ ಕಿಂಡಿ. ಒಮೆಗಾ ಕಂಪನಿ ಶುರುವಾಗಿದ್ದು 1848ರಲ್ಲಿ, ಸ್ವಿಟ್ಜರ್ಲೆಂಡಲ್ಲಿ, ಈ ಕಾನ್‌ಸ್ಟಲೇಷನ್ ಅನ್ನೋ ಮಾಡೆಲ್ ಬಂದಿದ್ದು 1952ರಲ್ಲಿ, ಆ ಕಾಲಕ್ಕೆ ಅವರ ಮಾಲಲ್ಲಿ ಇದೇ ಮೇಲಿನದ್ದು. ಸುಮ್ನೆ ಟೈಮ್ ತೋರಿಸೋ ವಾಚ್ ಅಲ್ಲ, ಬೇರೆ ಸಂಸ್ಥೆಗೆ ಕಳ್ಸಿ ಟೆಸ್ಟ್ ಮಾಡ್ಸಿ ಕ್ರೋನೋಮೀಟರ್, ಅಂದ್ರೆ ತುಂಬಾ ಕರಾರುವಾಕ್ಕಾದ ವಾಚ್, ಅಂತ ಸರ್ಟಿಫಿಕೇಟ್ ತಗೊಂಡಿದ್ದು, ಅದನ್ನ ಡಯಲ್ ಮೇಲೇ ಸಣ್ಣ ಅಕ್ಷರದಲ್ಲಿ ಬರ್ಕೊಂಡಿರ್ತಾರೆ. ಹಿಂದಿನ ಮುಚ್ಚಳದ ನಡುವೆ ಒಂದು ಪದಕ ಇದೆ, ಅದರಲ್ಲಿ ವೀಕ್ಷಣಾಲಯದ ಗುಮ್ಮಟ, ಗುಮ್ಮಟದ ಮೇಲೆ ಆಕಾಶ, ಆಕಾಶದಲ್ಲಿ ಎಂಟು ನಕ್ಷತ್ರ. ವಾಚ್‌ಗಳ ನಿಖರತೆ ಪರೀಕ್ಷೆ ಮಾಡ್ತಿದ್ದ ವೀಕ್ಷಣಾಲಯಗಳಲ್ಲಿ ಒಮೆಗಾಗೆ ಸಿಕ್ಕ ದಾಖಲೆ, ಮೊದಲನೇ ಸ್ಥಾನಗಳ ಗುರುತು ಅವು. ನಾನು ಚಿಕ್ಕೋನಿದ್ದಾಗ ಅದನ್ನ ನೋಡಿ ಯಾವುದೋ ಮಸೀದಿ ಅಂದ್ಕೊಂಡಿದ್ದೆ.

ಡಯಲ್ ನೋಡ್ಬೇಕು ನೀವು. ಮಧ್ಯ ಸಮತಟ್ಟಾಗಿದ್ದು ಅಂಚಿಗೆ ಬರ್ತಾ ಹನ್ನೆರಡು ಪಟ್ಟಿಯಾಗಿ ಕೆಳಗೆ ಇಳಿಯತ್ತೆ, ಒಂದೊಂದು ಪಟ್ಟಿಯೂ ಬೆಳಕನ್ನ ಬೇರೆ ಬೇರೆ ಥರ ಹಿಡಿಯತ್ತೆ, ಹಂಗಾಗಿ ಕೈ ಸ್ವಲ್ಪ ಆಡಿಸಿದ್ರೂ ಒಂದು ಕಡೆ ಬೆಳ್ಳಿ ಬಣ್ಣ, ಇನ್ನೊಂದು ಕಡೆ ಬೂದಿ ಬಣ್ಣ. ಇದಕ್ಕೆ ಪೈ ಪ್ಯಾನ್ ಡಯಲ್ ಅಂತಾರೆ, ಹಳೇ ಒಮೆಗಾ ಹುಚ್ಚಿರೋರು ಇದಕ್ಕೇ ಬೀಳೋದು. ಗ್ಲಾಸ್ ಅಂದ್ರೆ ಗಾಜಲ್ಲ, ಅಕ್ರಿಲಿಕ್ಕು. ಅದರ ನಟ್ಟ ನಡುವೆ ಒಳಗಡೆಯಿಂದ ಒಂದು ಪುಟಾಣಿ ಒಮೆಗಾ ಗುರುತು ಕೊರೆದಿದಾರೆ, ನೇರ ನೋಡಿದ್ರೆ ಕಾಣಲ್ಲ, ಕಿಟಕಿ ಹತ್ರ ಓರೆ ಹಿಡಿದು ನೋಡ್ಬೇಕು, ಕಣ್ಣು ಸಣ್ಣ ಮಾಡಿ. ಗ್ಲಾಸ್ ಬದಲಾಯಿಸಿದ ವಾಚಲ್ಲಿ ಸಾಮಾನ್ಯವಾಗಿ ಇದು ಇರಲ್ಲ. ನಮ್ಮದರಲ್ಲಿ ಇದೆ.

ಇನ್ನು ಇದು ಮನೆಗೆ ಬಂದಿದ್ದು ಹೇಗೆ ಅನ್ನೋದು.

ಅಜ್ಜ ಮೂಡಿಗೆರೆ ಕಡೆ, ಹೇಮಾವತಿ ಹುಟ್ಟೋ ಜಾವಳಿ ಆಸುಪಾಸಿನ ಒಂದು ಇಂಗ್ಲಿಷ್ ದೊರೆ ತೋಟದಲ್ಲಿ ರೈಟರ್ ಆಗಿದ್ರು. ತೋಟದ ರೈಟರ್ ಅಂದ್ರೆ ಗೊತ್ತಲ್ಲ, ಬೆಳಿಗ್ಗೆ ಗಂಟೆ ಹೊಡೆಸೋದು, ಹಾಜರಿ ಹಾಕೋದು, ಮೇಸ್ತ್ರಿಗಳ ಹತ್ರ ಲೆಕ್ಕ ತಗೊಳೋದು, ವಾರದ ಬಟವಾಡೆ ಮಾಡೋದು. ಜೊತೆಗೆ ತಮ್ಮದೇ ಅಂತ ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ಮನೇಲಿ ನಮಗೆ ಹೇಳ್ತಿದ್ದ ಕಥೆ ಏನಂದ್ರೆ, ಒಂದು ಆಷಾಢದಲ್ಲಿ ದೊರೆ ಜೀಪ್ ಹೊಳೇಲಿ ಸಿಕ್ಕಾಕ್ಕೊಂಡು ಅಜ್ಜ ಹಗ್ಗ ಹಾಕಿ ಎಳೆಸಿ ದೊರೆ ಪ್ರಾಣ ಉಳಿಸಿದ್ರಂತೆ, ಅದಕ್ಕೆ ದೊರೆ ಊರು ಬಿಟ್ಟು ಇಂಗ್ಲೆಂಡಿಗೆ ಹೋಗೋವಾಗ ಕೈಯಿಂದ ಬಿಚ್ಚಿ ಕೊಟ್ಟು ಹೋದ್ರಂತೆ. ದೊಡ್ಡಪ್ಪನ ಮನೆ ಕಥೆ ಬೇರೆ, ಅಲ್ಲಿ ಜೀಪ್ ಇಲ್ಲ, ಆನೆ ಇದೆ. ಎರಡರಲ್ಲೂ ದೊರೆ ಕಣ್ಣಲ್ಲಿ ನೀರು ಮಾತ್ರ ಗ್ಯಾರಂಟಿ.

ಈಗ ಕೆಲವು ವರ್ಷದ ಹಿಂದೆ ಜಮೀನಿನ ಪೋಡಿ ಕೆಲಸಕ್ಕೆ ಅಂತ ಹಳೇ ಪೇಪರ್ ಹುಡುಕ್ತಾ ಇರೋವಾಗ ಟ್ರಂಕಲ್ಲಿ ಅಜ್ಜನ ಲೆಕ್ಕದ ಪುಸ್ತಕಗಳು ಸಿಕ್ಕವು, ಉದ್ದಕ್ಕೆ, ಕೆಂಪು ಬಟ್ಟೆ ರಟ್ಟು, ಗೆದ್ದಲು ಒಂದು ಮೂಲೆ ತಿಂದಿದೆ. ಒಬ್ಬ ರೈಟರ್ ತನ್ನ ಮನೆ ಲೆಕ್ಕ ಬರೆದ್ರೆ ಹೇಗಿರತ್ತೋ ಹಾಗಿದೆ, ಬೆಂಕಿಪೊಟ್ಟಣದ್ದೂ ಬಿಟ್ಟಿಲ್ಲ. 1966 ಮಾರ್ಚಿನ ಒಂದು ಪುಟದಲ್ಲಿ ಮೇಲೆ ಮೈಲುತುತ್ತದ ಬಾಬ್ತು, ಕೆಳಗೆ ಬೇಲಿ ಕೂಲಿ, ನಡುವೆ ಒಂದು ಸಾಲು: "ದೊರೆಗಳ ಕೈಗಡಿಯಾರ ಖರೀದಿ ಬಾಬ್ತು ರೂ. 421-00". ಮುಗೀತು. ಜೀಪೂ ಇಲ್ಲ ಆನೇನೂ ಇಲ್ಲ. ದೊರೆ ತೋಟ ಮಾರಿ ಹೊರಟಾಗ ಕುರ್ಚಿ ಮೇಜು ಪಿಂಗಾಣಿ ಎಲ್ಲ ಮಾರಿದಾರೆ, ಅದರ ಜೊತೆ ವಾಚೂ ಮಾರಿದಾರೆ, ಅಜ್ಜ ದುಡ್ಡು ಕೊಟ್ಟು ತಗೊಂಡಿದಾರೆ. ಅದಕ್ಕೆ ಮುಂಚಿನ ಪುಟದಲ್ಲೇ ಕಾಫಿ ಬೋರ್ಡಿನ ಕಂತು ಬಂದಿದ್ದೂ ಇದೆ. ಆಗ ಎಲ್ಲರೂ ಕಾಫಿನ ಬೋರ್ಡಿನ ಪೂಲಿಗೇ ಹಾಕ್ಬೇಕಿತ್ತು, ದುಡ್ಡು ಒಂದೇ ಸಲ ಬರ್ತಿರ್ಲಿಲ್ಲ, ಕಂತು ಕಂತಲ್ಲಿ ಬರ್ತಿತ್ತು, ಆ ಪದ್ಧತಿ ಪೂರ್ತಿ ಹೋಗಿದ್ದು 1996ರಲ್ಲಿ.

ಕಥೆ ಸುಳ್ಳಾಯ್ತಲ್ಲ ಅಂತ ಮನೇಲಿ ಕೆಲವರಿಗೆ ಬೇಜಾರು. ನನಗಂತೂ ಖುಷಿನೇ ಆಯ್ತು ನೋಡಿ. ದೊರೆ ಕೊಟ್ಟ ಭಕ್ಷೀಸು ಅನ್ನೋದಕ್ಕಿಂತ ಒಬ್ಬ ರೈಟರ್ ತನ್ನ ಕಾಫಿ ದುಡ್ಡಲ್ಲಿ ದೊರೆ ವಾಚ್ ಕೊಂಡ್ಕೊಂಡ ಅನ್ನೋದು ಎಷ್ಟೋ ಮೇಲು. ಮತ್ತೆ ಆ 421 ಯಾಕೆ ಅಂದ್ರೆ, ಅಪ್ಪ ಹೇಳೋದು, ದೊರೆ ಕೇಳಿದ್ದು 420 ಇರ್ಬೇಕು, ಆ ನಂಬರನ್ನ ತನ್ನ ಪುಸ್ತಕದಲ್ಲಿ ಬರೆಯೋಕೆ ಅಜ್ಜಂಗೆ ಮನಸ್ಸು ಬಂದಿರಲ್ಲ, ಒಂದು ರೂಪಾಯಿ ಸೇರಿಸಿ ಕೊಟ್ಟಿರ್ತಾರೆ ಅಂತ. ಅಜ್ಜನ ಸ್ವಭಾವ ಗೊತ್ತಿರೋ ಯಾರೂ ಇದನ್ನ ಅಲ್ಲಗಳೆದಿಲ್ಲ.

ಇನ್ನೊಂದು ವಿಷಯ. ಅದೇ ವರ್ಷ ಜೂನ್ 6ಕ್ಕೆ ಸರ್ಕಾರ ರೂಪಾಯಿ ಬೆಲೆ ಇಳಿಸಿಬಿಡ್ತು, ಡಾಲರಿಗೆ 4.76 ಇದ್ದಿದ್ದು 7.50 ಆಯ್ತು, ಪೌಂಡಿಗೆ 13.33 ಇದ್ದಿದ್ದು 21. ಅಂದ್ರೆ ಮಾರ್ಚಲ್ಲಿ ಮೂವತ್ತೊಂದೂವರೆ ಪೌಂಡಿನಷ್ಟಿದ್ದ 421 ರೂಪಾಯಿ ಜೂನಲ್ಲಿ ಇಪ್ಪತ್ತು ಪೌಂಡಿಗೆ ಇಳೀತು. ದೊರೆ ಅಷ್ಟರೊಳಗೆ ದುಡ್ಡು ಊರಿಗೆ ಕಳ್ಸಿದ್ರೆ ಬಚಾವ್, ಇಲ್ಲಾಂದ್ರೆ ಲಾಭ ನಮ್ಮಜ್ಜಂದು.

ಹಂಗಂತ ಅಜ್ಜ ಅದನ್ನ ದಿನಾ ಕಟ್ತಿದ್ರಾ ಅಂದ್ರೆ ಇಲ್ಲ. ತೋಟದಲ್ಲಿ ಬೆವರು, ಗಿಡಕ್ಕೆ ಹೊಡೆಯೋ ಬೋರ್ಡೋ ದ್ರಾವಣ, ಮಳೆಗಾಲದಲ್ಲಂತೂ ಗೋಡೆಗೆ ತಗುಲಿಸಿದ ಕೋಟಿಗೂ ಬೂಷ್ಟು ಬರೋ ಊರು ಅದು, ಅಲ್ಲಿ ಯಾರು ಕಟ್ತಾರೆ. ಚಿಕ್ಕಮಗಳೂರಿಗೆ ಹೋಗೋವಾಗ, ಸೊಸೈಟಿ ಮೀಟಿಂಗು, ಮದುವೆ ಮುಂಜಿ, ಅಷ್ಟಕ್ಕೆ ಮಾತ್ರ. ಅದೂ ಪೂರ್ತಿ ತೋಳಿನ ಶರ್ಟ್ ಒಳಗೆ, ಯಾರಾದ್ರೂ ಟೈಮ್ ಕೇಳಿದ್ರೆ ಮಾತ್ರ ತೋಳು ಮೇಲಕ್ಕೆ ಸರಿಸಿ ತೋರಿಸೋರಂತೆ. ಕೇಳದೇ ಇದ್ರೆ ಕೇಳೋ ತನಕ ಅಲ್ಲೇ ನಿಂತಿರ್ತಿದ್ರು ಅಂತ ಅಜ್ಜಿ ಆಡ್ಕೊಳೋರು.

ಅಜ್ಜ ತೀರ್ಕೊಂಡಿದ್ದು 1983ರಲ್ಲಿ, ಮಾರನೇ ವರ್ಷ ಪಾಲಾಯ್ತು. ಪಾಲು ಅಂದ್ರೆ ನಮ್ಮ ಕಡೆಯವರಿಗೆ ವಿವರಿಸಿ ಹೇಳ್ಬೇಕಿಲ್ಲ. ಗದ್ದೆ ಸಲೀಸಾಗಿ ಆಯ್ತು, ತೋಟ ಕಷ್ಟಪಟ್ಟು ಆಯ್ತು, ಕಣ ನಡುವೆ ಗೆರೆ ಎಳೆದ್ರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ದಿನ ಬಿಟ್ಟು ದಿನ ಅಂತ ಮಾಡಿದ್ರು, ಕೆರೆ ನೀರಿನ ಹತ್ರ ಬಂದು ನಿಂತ್ಕೊಳ್ತು. ಮಾರ್ಚಲ್ಲಿ ಹೂ ಮಳೆ ಕೈ ಕೊಟ್ರೆ ಸ್ಪ್ರಿಂಕ್ಲರಿಗೆ ನೀರು ಯಾರಿಗೆ ಮೊದಲು ಅನ್ನೋದರ ಮೇಲೆ ಇಡೀ ವರ್ಷದ ಫಸಲು ನಿಂತಿರತ್ತೆ, ಹಂಗಾಗಿ ಅದು ಸಣ್ಣ ವಿಷಯ ಅಲ್ಲ, ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಆದ್ರೆ ಅವತ್ತು ಮಾತು ಮಾತು ಬೆಳೆದು ಕೊನೆಗೆ ಉಳಿದಿದ್ದು ಈ ವಾಚು. ಅದಕ್ಕೆ ಕಿತ್ತಾಡಿದ್ರು ಅಂದ್ಕೊಂಡ್ರಾ? ಉಲ್ಟಾ. "ದೊಡ್ಡೋನು ನೀನು, ನೀನೇ ಇಟ್ಕೊ" ಅಂತ ಅಪ್ಪ, "ನಂಗ್ಯಾಕೆ, ಅಪ್ಪನ ಜೊತೆ ಕೊನೇವರೆಗೂ ಇದ್ದೋನು ನೀನು, ನೀನೇ ತಗೊ" ಅಂತ ದೊಡ್ಡಪ್ಪ. ಪ್ರೀತಿಯಿಂದ ಅಲ್ಲ, ತಗೊಂಡೋರು ತಗೊಂಡ್ರು ಅಂತ ಮುಂದೆ ಆಡ್ಕೊಳ್ತಾರಲ್ಲ ಅಂತ. ಪಂಚಾಯ್ತಿಗೆ ಬಂದಿದ್ದ ಹಿರಿಯರು ಸಾಕಾಗಿ ಕೂತಿದ್ರು, ಊಟಕ್ಕೆ ಎಲೆ ಹಾಕಿ ಆಗಿತ್ತು, "ಹೆಣ್ಮಗಳ ಹತ್ರ ಇರ್ಲಿ ಬಿಡ್ರಪ್ಪ, ಇಬ್ರೂ ರಾಜಿಯಾದಾಗ ತಗೊಳಿ" ಅಂತ ಎತ್ತಿ ನಮ್ಮತ್ತೆ ಕೈಗೆ ಕೊಟ್ರು.

ಅತ್ತೆ ಹಾಸನದಲ್ಲಿ ಹೈಸ್ಕೂಲ್ ಟೀಚರ್, ಸಾಲಗಾಮೆ ರೋಡ್ ಕಡೆ ಮನೆ. ಇದೇ ನೋಡಿ ವಾಚಿನ ಅದೃಷ್ಟ. ಹಾಸನ ಮೂಡಿಗೆರೆಗಿಂತ ಎಷ್ಟೋ ಒಣ ಊರು, ಅಲ್ಲಿ ಬೂಷ್ಟು ಗೀಷ್ಟು ಕಾಟ ಅಷ್ಟಿಲ್ಲ. ಅದರ ಮೇಲೆ ಅತ್ತೆ ಏನು ಮಾಡಿದ್ರು ಅಂದ್ರೆ, ಒಂದು ಸ್ಟೀಲ್ ಡಬ್ಬಿಗೆ ಸ್ಕೂಲಿನ ಚಾಕ್‌ಪೀಸ್ ಹಾಕಿ ಅದರ ಮೇಲೆ ಹಳೇ ಪಂಚೆ ತುಂಡಲ್ಲಿ ಸುತ್ತಿ ವಾಚ್ ಇಟ್ರು, ಡಬ್ಬಿನ ಗಾಡ್ರೇಜ್ ಬೀರು ಒಳಗಿನ ಲಾಕರಲ್ಲಿ ಇಟ್ರು. ಬೆಳ್ಳಿ ಸಾಮಾನು ಕಪ್ಪಾಗದೇ ಇರೋಕೆ ಹಂಗೇ ಇಡ್ತಿದ್ರು, ಅದನ್ನೇ ಇದಕ್ಕೂ ಮಾಡಿದ್ರು. ಚಾಕ್ ತೇವ ಹೀರ್ಕೊಳತ್ತೆ. ಈಗ ಜನ ಸಾವಿರಾರು ರೂಪಾಯಿ ಕೊಟ್ಟು ಡ್ರೈ ಬಾಕ್ಸ್ ತಗೋತಾರೆ, ಅತ್ತೆದು ಸರ್ಕಾರಿ ಚಾಕ್‌ಪೀಸ್.

ವರ್ಷಕ್ಕೊಂದು ಸಲ ಆಯುಧ ಪೂಜೆಗೆ ಹೊರಗೆ ಬರ್ತಿತ್ತು. ಹೊಲಿಗೆ ಮಷೀನು, ಈಳಿಗೆ ಮಣೆ, ಮಾವನ ಸ್ಕೂಟರ್ ಕೀ, ಅದರ ಪಕ್ಕ ಇದು, ಅಂಚಿಗೆ ಒಂಚೂರು ಕುಂಕುಮ. ಅತ್ತೆ ಕೀ ಕೊಡೋರು, ಓಡೋದು, ಎರಡು ದಿನಕ್ಕೆ ನಿಂತ್ಮೇಲೆ ಮತ್ತೆ ಡಬ್ಬಿಗೆ. ವರ್ಷಕ್ಕೊಂದ್ಸಲ ಬಾಗಿಲು ತೆಗೆಯೋ ಹಾಸನಾಂಬೆ ಥರ ಅಂತ ಮಾವ ಅದಕ್ಕೆ ಹಾಸನಾಂಬ ವಾಚ್ ಅಂತಾನೇ ಹೆಸರಿಟ್ಟಿದ್ರು. ನಾವು ಮಕ್ಕಳು ದಸರಾ ರಜಕ್ಕೆ ಹೋದಾಗ ಕಿವಿಗೆ ಇಟ್ಕೊಂಡು ಕೇಳೋಕೆ ಸಾಲು ನಿಲ್ತಿದ್ವಿ, ನಾನೂ ದೊಡ್ಡಪ್ಪನ ಮಗ ಅಣ್ಣನೂ ಅಲ್ಲೇ ಸರಿಯಾಗಿ ಮಾತಾಡ್ತಿದ್ದಿದ್ದು, ಊರಲ್ಲಿ ಹಾಗಿಲ್ಲವಲ್ಲ.

ಅದು ಡಬ್ಬೀಲಿ ಮಲಗಿದ್ದ ಕಾಲದಲ್ಲಿ ಹೊರಗೆ ಏನೇನಾಯ್ತು ಅಂತ ಯೋಚ್ನೆ ಮಾಡಿದ್ರೆ ನಗು ಬರತ್ತೆ. ಅಪ್ಪ ಕಟ್ತಿದ್ದಿದ್ದು ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ಫ್ಯಾಕ್ಟರಿದು, ಆಮೇಲೆ ತುಮಕೂರಲ್ಲೂ ಮಾಡಿದ್ರು. ನಮ್ಮ ಕಡೆ ಅಳಿಯನಿಗೆ ಎಚ್‌ಎಂಟಿ ಕೊಡದೇ ಮದುವೆ ಆಗ್ತಿರ್ಲಿಲ್ಲ. ಆಮೇಲೆ ಹೊಸೂರಿನ ಟೈಟಾನ್ ಬಂತು, ಬ್ಯಾಟರಿ ವಾಚ್ ಬಂತು, ಕೀ ಕೊಡೋದು ಯಾರಿಗೂ ಬೇಡ ಆಯ್ತು, ಮೊಬೈಲ್ ಬಂದ್ಮೇಲೆ ವಾಚೇ ಬೇಡ ಆಯ್ತು, 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಿದ್ರು. ಇದು ಮಾತ್ರ ಯಾವುದೂ ಗೊತ್ತಿಲ್ಲದೆ ಚಾಕ್‌ಪೀಸ್ ಮೇಲೆ.

ದೊಡ್ಡಪ್ಪ ಹೋದ್ಮೇಲೆ ಅತ್ತೆ ಬೆಂಗಳೂರಿಗೆ ಮಗಳ ಮನೆಗೆ ಹೊರಟ್ರು, ಹಾಸನದ ಮನೆ ಖಾಲಿ ಮಾಡೋವಾಗ ನನ್ನನ್ನೂ ಅಣ್ಣನನ್ನೂ ಒಟ್ಟಿಗೇ ಕರೆಸಿದ್ರು. ಡಬ್ಬಿ ಮುಂದಿಟ್ಟು, "ನಿಮ್ಮಪ್ಪಂದ್ರು ರಾಜಿಯಾಗ್ತಾರೆ ಅಂತ ಕಾದು ಕಾದು ಸಾಕಾಯ್ತು ಕಣ್ರೋ, ನೀವೇ ಏನಾದ್ರೂ ಮಾಡ್ಕೊಳಿ, ನಂಗೆ ಮಂಡಿ ನೋವು" ಅಂದ್ರು. ಮಂಡಿ ನೋವಿಗೂ ವಾಚಿಗೂ ಏನು ಸಂಬಂಧ ಅಂತ ನಾವು ಕೇಳ್ಲಿಲ್ಲ. ಪಂಚೆ ತುಂಡು ಬಿಚ್ಚಿದ್ರೆ ಬೆಲ್ಟ್ ಮಾತ್ರ ಪುಡಿ ಪುಡಿ, ಮುಟ್ಟಿದ್ರೆ ಕೈಗೆ ಬರ್ತಿತ್ತು, ಬೆಲ್ಟ್ ಸಿಕ್ಕಿಸೋ ಲಗ್ ಸಂದಿಲೆಲ್ಲ ಬಿಳೀ ಚಾಕ್ ಪುಡಿ. ಒರೆಸಿದ್ರೆ ಒಳಗೆ ಡಯಲ್ ಲಕಲಕ, ಒಂದು ಚುಕ್ಕೆ ಇಲ್ಲ.

ಮೊದಲು ಬೆಂಗಳೂರಲ್ಲಿ ಒಂದು ಅಂಗಡಿಗೆ ತಗೊಂಡೋದ್ವಿ, ಹೆಸರು ಬೇಡ. ಆತ ಹಿಂದೆ ಮುಂದೆ ನೋಡಿ "ಕೇಸ್ ಬಫ್ ಹೊಡೆದು, ಡಯಲ್ ಹೊಸದಾಗಿ ಪ್ರಿಂಟ್ ಮಾಡ್ಸಿ, ಷೋರೂಮ್ ಪೀಸ್ ಮಾಡ್ಕೊಡ್ತೀನಿ ಸಾರ್" ಅಂದ. ಅಣ್ಣಂಗೆ ಆಸೆ ಆಯ್ತು. ನಾನು ಬೇಡವೇ ಬೇಡ ಅಂದೆ. ಹಳೇ ವಾಚ್ ಹಾಳಾಗೋದು ಬಳಸಿ ಅಲ್ಲ, ಹಿಂಗೆ ಹೊಸದು ಮಾಡೋಕೆ ಹೋಗೇ. ಬಫ್ ಹೊಡೆದ್ರೆ ಸ್ಟೀಲ್ ಅಂಚು ಸವೆದು ದುಂಡಗಾಗತ್ತೆ, ಲಗ್ ಮೇಲಿನ ಚೂಪು ಗೆರೆ ಹೋಗತ್ತೆ, ಅದು ಮತ್ತೆ ಬರಲ್ಲ. ಡಯಲ್ ಪೇಂಟ್ ಮಾಡಿದ್ರಂತೂ ಮುಗೀತು, ಅಕ್ಷರ ದಪ್ಪ ಆಗತ್ತೆ, ನಿಮಿಷದ ಗೆರೆ ಸೊಟ್ಟ ಆಗತ್ತೆ. ನಮ್ಮ ದೇಶದಲ್ಲಿ ಹಿಂಗೆ ಬಣ್ಣ ಹೊಡೆದ ಹಳೇ ಸ್ವಿಸ್ ವಾಚ್ ಎಷ್ಟಿವೆ ಅಂದ್ರೆ ಇಂಡಿಯಾದಿಂದ ಬಂದ ವಾಚ್ ಅಂದ್ರೇನೇ ಹೊರದೇಶದ ಕಲೆಕ್ಟರ್ಸ್ ಮೂಗು ಮುರೀತಾರೆ. ಇರೋ ಒಂದು ಒರಿಜಿನಲ್ಲನ್ನೂ ದುಡ್ಡು ಕೊಟ್ಟು ಆ ಗುಂಪಿಗೆ ಸೇರಿಸೋದಾ?

ಕೊನೆಗೆ ಮಾಡ್ಸಿದ್ದು ಚಿಕ್ಕಮಗಳೂರಲ್ಲೇ, ಎಂ.ಜಿ. ರೋಡಿನ ಒಂದು ಕ್ರಾಸಲ್ಲಿ ಬಾಗಿಲಷ್ಟೇ ಅಗಲದ ಅಂಗಡಿ ಇಟ್ಕೊಂಡಿರೋ ಹಿರಿಯರ ಹತ್ರ. ಅವರು ಕಣ್ಣಿಗೆ ಲೂಪ್ ಸಿಕ್ಕಿಸ್ಕೊಂಡು ಹಿಂದಿನ ಮುಚ್ಚಳ ತಿರುಗಿಸಿದ್ರು, ಮೊದಲು ಕಂಡಿದ್ದು ರಬ್ಬರ್ ವಾಷರ್, ಅದು ರಬ್ಬರಾಗಿ ಉಳಿದಿರ್ಲಿಲ್ಲ, ಕರಗಿ ಕಪ್ಪು ಡಾಂಬರಾಗಿತ್ತು, ಬಿದಿರು ಕಡ್ಡೀಲಿ ಕೆರೆದು ಕೆರೆದು ತೆಗೆದ್ರು. ಅದು ಒಳಗೆ ಇಳಿದಿದ್ರೆ ಕಥೆ ಬೇರೆ ಇತ್ತಂತೆ. ಅದರ ಒಳಗೆ ಮಷೀನು, ತಾಮ್ರದ ಕೆಂಪು ಬಣ್ಣ, 561 ಅಂತ ನಂಬರ್, 24 ಜ್ಯುವೆಲ್ (ಚಕ್ರದ ಅಚ್ಚು ಸವೆಯದ ಹಾಗೆ ಕೂರಿಸಿದ ಸಣ್ಣ ಕಲ್ಲುಗಳು), ಒಂದು ಕಡೆ ಕೊಕ್ಕರೆ ಕತ್ತಿನ ಹಂಗೆ ಬಾಗಿದ ಸಣ್ಣ ಸ್ಪ್ರಿಂಗು. ಅದರ ತುದಿಗೊಂದು ಸ್ಕ್ರೂ, ಆ ಸ್ಕ್ರೂನ ಕೂದಲೆಳೆಯಷ್ಟು ತಿರುಗಿಸಿ ವೇಗ ಹೆಚ್ಚು ಕಮ್ಮಿ ಮಾಡೋದು. ಸೀರಿಯಲ್ ನಂಬರ್ ಎರಡು ಕೋಟಿ ದಾಟಿತ್ತು, ಅಂದ್ರೆ 1963ರ ಆಸುಪಾಸಿನ ವಾಚು, ದೊರೆ ಜಾಸ್ತಿ ಕಾಲ ಕಟ್ಟಿಲ್ಲ.

"ಎಣ್ಣೆ ಪೂರಾ ಒಣಗಿ ಹೋಗಿದೆ ಸಾರ್, ವರ್ಷಕ್ಕೊಂದ್ಸಲ ಕೀ ಕೊಟ್ಟು ಓಡಿಸ್ತಿದ್ರು ಅಂದ್ರಲ್ಲ, ಅದು ಒಳ್ಳೇದಲ್ಲ, ಎಣ್ಣೆ ಇಲ್ದೆ ಓಡಿದ್ರೆ ಸವೆಯತ್ತೆ" ಅಂದ್ರು. ಅತ್ತೆಗೆ ನಾನಿದನ್ನ ಹೇಳಿಲ್ಲ, ಹೇಳೋದೂ ಇಲ್ಲ. ಎಲ್ಲ ಬಿಚ್ಚಿ ತೊಳೆದು ಎಣ್ಣೆ ಹಾಕಿ, ಮೇನ್ ಸ್ಪ್ರಿಂಗ್ ಬೇರೆ ಹಾಕಿ, ಗ್ಲಾಸನ್ನ ಪೇಸ್ಟಲ್ಲಿ ಉಜ್ಜಿ ಕೊಟ್ರು. ಗಂಟೆಗೆ 19,800 ಸಲ ಬಡ್ಕೊಳ್ಳೋ ಮಷೀನು ಇದು, ಸೆಕೆಂಡಿಗೆ ಐದೂವರೆ, ಹಂಗಾಗಿ ಸೆಕೆಂಡ್ ಮುಳ್ಳು ಕುಪ್ಪಳಿಸಲ್ಲ, ಜಾರ್ಕೊಂಡು ಹೋದಂಗೆ ಕಾಣತ್ತೆ. ಈಗ ದಿನಕ್ಕೆ ಕೆಲವು ಸೆಕೆಂಡ್ ಮುಂದೆ ಹೋಗತ್ತೆ ಅಷ್ಟೆ.

ತಾರೀಖು ಸರಿ ಮಾಡೋದೇ ಒಂದು ತಲೆನೋವು. ಈಗಿನ ವಾಚ್ ಥರ ಕೀ ಅರ್ಧ ಎಳೆದು ತಿರುಗಿಸೋ ಹಾಗಿಲ್ಲ. ಮುಳ್ಳನ್ನ ರಾತ್ರಿ ಹನ್ನೆರಡು ದಾಟಿಸ್ಬೇಕು, ತಾರೀಖು ಟಕ್ ಅಂತ ಬೀಳತ್ತೆ, ಮತ್ತೆ ಒಂಬತ್ತರ ಹತ್ರಕ್ಕೆ ಹಿಂದೆ ತಿರುಗಿಸ್ಬೇಕು, ಮತ್ತೆ ಮುಂದೆ ಹನ್ನೆರಡು ದಾಟಿಸ್ಬೇಕು, ಇನ್ನೊಂದು ತಾರೀಖು. ಹದಿನೈದು ದಿನ ಬಿಟ್ಟು ಕಟ್ಟೋದಾದ್ರೆ ಒಂದು ಲೋಟ ಕಾಫಿ ಆರೋ ತನಕ ಇದೇ ಕೆಲಸ. ಅಣ್ಣ ತಾರೀಖು ನೋಡೋದೇ ಇಲ್ಲ, ಅವನ ಕೈಯಿಂದ ವಾಚ್ ಬಂದಾಗ ಯಾವಾಗ್ಲೂ ಯಾವುದೋ ಹಳೇ ದಿನ.

ಬೆಲೆ ಎಷ್ಟು ಅಂತ ಕೇಳೇ ಕೇಳ್ತಾರೆ. ನೆಂಟರಲ್ಲಿ ಒಬ್ಬರು ಕೋಟಿ ಅಂತ ಸುದ್ದಿ ಹಬ್ಬಿಸಿದಾರೆ, ದಯವಿಟ್ಟು ನಂಬ್ಬೇಡಿ, ಸ್ಟೀಲ್ ಕಾನ್‌ಸ್ಟಲೇಷನ್ ಅಪರೂಪದ್ದೇನಲ್ಲ, ಲಕ್ಷಗಟ್ಟಲೆ ಮಾಡಿದಾರೆ, ಚೆನ್ನಾಗಿರೋದು ಮಾರಿದ್ರೆ ಒಂದು ಒಳ್ಳೆ ಬೈಕ್ ಬರ್ಬಹುದು. ಚಿನ್ನದ್ದಾಗಿದ್ರೆ ಬೇರೆ ಮಾತು. ಚಿನ್ನದ್ದಾಗಿದ್ರೆ 1984ರಲ್ಲೇ ಯಾರೋ ಒಬ್ರು ಇಟ್ಕೊಂಡಿರ್ತಿದ್ರು ಅನ್ನಿ.

ಸದ್ಯಕ್ಕೆ ಮಾಡ್ಕೊಂಡಿರೋ ಏರ್ಪಾಡು ಇದು: ಕಾಫಿ ಕುಯ್ಲು ಶುರುವಾದಾಗಿಂದ ಮಳೆ ಹಿಡಿಯೋ ತನಕ ವಾಚ್ ನನ್ನ ಹತ್ರ ಚಿಕ್ಕಮಗಳೂರಲ್ಲಿ, ಜೂನಿಂದ ಮುಂದೆ ಅಣ್ಣನ ಹತ್ರ ಬೆಂಗಳೂರಲ್ಲಿ, ಮಳೆಗಾಲದಲ್ಲಿ ಯಾವುದೇ ಕಾರಣಕ್ಕೂ ಊರಿಗೆ ತಗೊಂಡ್ ಹೋಗೋ ಹಾಗಿಲ್ಲ. ಸರ್ವಿಸ್ ಖರ್ಚು ಅರ್ಧ ಅರ್ಧ. ಡಬ್ಬಿ ಅತ್ತೆದೇ, ಚಾಕ್ ಮಾತ್ರ ಹೊಸದು, ಈಗ ಅಂಗಡೀಲಿ ದುಡ್ಡು ಕೊಟ್ಟು ತರ್ಬೇಕು.

ಅಪ್ಪಂಗೆ ತೋರಿಸಿದಾಗ ಅವರು ಕನ್ನಡಕ ಹಾಕ್ಕೊಂಡು ತಮ್ಮ ಎಚ್‌ಎಂಟಿ ಪಕ್ಕ ಇಟ್ಟು ನೋಡಿ "ಮುಂದಿದೆ" ಅಂದ್ರು. ಕಟ್ಕೊಳಿ ಅಂದ್ರೆ ಬೇಡ ಅಂದ್ರು. ಹೋದ ಸಲ ಅಣ್ಣ ಬಂದಾಗ ಅವನ ಕೈಲಿದ್ದಿದ್ದನ್ನ ನೋಡಿ "ಬೆಲ್ಟ್ ಸರಿಯಿಲ್ಲ ಕಣೋ, ನಿಮ್ಮಜ್ಜಂದು ಕರೀದಿತ್ತು" ಅಂದ್ರು, ನಾನು ಹಾಕ್ಸಿರೋದು ಕಂದು ಬಣ್ಣದ್ದು. ಅಣ್ಣ ಅದನ್ನೇ ಹಿಡ್ಕೊಂಡು ಈಗ ಕರೀ ಬೆಲ್ಟೇ ಆಗ್ಬೇಕು, ಚಿಕ್ಕಪ್ಪನೇ ಹೇಳಿದಾರೆ ಅಂತ ವಾದ ಮಾಡ್ತಿದಾನೆ, ಅತ್ತೆಗೆ ಫೋನ್ ಮಾಡಿದ್ರೆ ಕಂದು ಇತ್ತು ಅಂತಾರೆ, ಡಬ್ಬೀಲಿದ್ದ ಹಳೇ ಬೆಲ್ಟ್ ಪುಡಿ ನೋಡಿದ್ರೆ ಎರಡೂ ಅಲ್ಲ ಅನ್ಸತ್ತೆ. ಲೆಕ್ಕದ ಪುಸ್ತಕದಲ್ಲಿ ಎಲ್ಲಾದ್ರೂ ಬೆಲ್ಟ್ ಬಾಬ್ತು ಇದೆಯಾ ಅಂತ ಹುಡುಕ್ತಾ ಇದೀನಿ, ಈಗ 1971ರ ತನಕ ಬಂದಿದೀನಿ.